ಉಡುಪಿ ಸಿಗುತ್ತದೆ, ಕಟೀಲು ಸಿಗುವುದಿಲ್ಲ: ಡಿಸ್ಕ್ ಬದಲಾದಾಗ ಫೈಲಿನ ಮಾಹಿತಿ ಉಳಿಸುವುದು ಹೇಗೆ?

ಪ್ರಶ್ನೆ

ಉಡುಪಿ ಪರಿಸರದ ಯಕ್ಷಗಾನ ಸಂಘವೊಂದರ ದಾಖಲೆ ನೋಡಿಕೊಳ್ಳುವ ಕೆಲಸ ನನ್ನದು. 2009ರಿಂದ ಈಚೆಗಿನ ಬಯಲಾಟ, ತಾಳಮದ್ದಳೆಗಳ ಧ್ವನಿಮುದ್ರಣ ಮತ್ತು ಫೋಟೋಗಳು ಸೇರಿ ಸುಮಾರು 1.4 ಟಿಬಿ ಇದೆ. ಎಲ್ಲವೂ ಹಳೆಯ ಐಮ್ಯಾಕ್‌ನಲ್ಲಿತ್ತು. ಡಿಸ್ಕಿನ ಮಾದರಿ ‘ಮ್ಯಾಕ್ ಓಎಸ್ ಎಕ್ಸ್‌ಟೆಂಡೆಡ್’ ಎಂದು ತೋರಿಸುತ್ತದೆ. ತೆಂಕುತಿಟ್ಟಿಗೆ ಹಸಿರು, ಬಡಗುತಿಟ್ಟಿಗೆ ಕಿತ್ತಳೆ, ತಾಳಮದ್ದಳೆಗೆ ನೀಲಿ ಟ್ಯಾಗ್ ಹಾಕಿ, ಭಾಗವತರು, ಹಿಮ್ಮೇಳ, ಅರ್ಥಧಾರಿಗಳ ಹೆಸರನ್ನು ಕಮೆಂಟ್ ಜಾಗದಲ್ಲಿ ಬರೆದಿಟ್ಟಿದ್ದೆವು. ಕಳೆದ ಮಳೆಗಾಲದಲ್ಲಿ ಅರ್ಧ ಭಾಗವನ್ನು ಎಕ್ಸ್‌ಫ್ಯಾಟ್ (ಮ್ಯಾಕ್, ವಿಂಡೋಸ್, ಲಿನಕ್ಸ್ ಮೂರೂ ಓದುವ ಮಾದರಿ) ಡಿಸ್ಕಿನ ಮೂಲಕ, ಉಳಿದರ್ಧವನ್ನು ಮ್ಯಾಕ್‌ನಲ್ಲೇ ಜಿಪ್ ಮಾಡಿ ಸಂಘದ ಉಬುಂಟು (ಲಿನಕ್ಸ್) ಕಂಪ್ಯೂಟರಿಗೆ ತಂದೆವು. ಡಿಸ್ಕಿನ ತುಂಬ ಚುಕ್ಕೆ ಮತ್ತು ಅಡಿಗೆರೆಯಿಂದ ಶುರುವಾಗುವ 4 ಕೆಬಿಯ ಸಾವಿರಾರು ಫೈಲುಗಳಿದ್ದವು. ವೈರಸ್ ಇರಬಹುದೆಂದು ಹುಡುಗರು ಎಲ್ಲವನ್ನೂ ಅಳಿಸಿದರು.

ಈಗ ಟ್ಯಾಗೂ ಇಲ್ಲ, ಕಮೆಂಟೂ ಇಲ್ಲ. ‘ರಚಿಸಿದ ದಿನ’ ಎಂಬಲ್ಲಿ ಎಲ್ಲದಕ್ಕೂ ಕಾಪಿ ಮಾಡಿದ ದಿನವೇ ಇದೆ. ಜಿಪ್‌ನಿಂದ ಬಂದ ಫೈಲುಗಳಲ್ಲಿ ಉಡುಪಿ, ಕುಂದಾಪುರ, ಕಾರ್ಕಳ ಎಂದು ಹುಡುಕಿದರೆ ಸಿಗುತ್ತದೆ, ಕಟೀಲು, ಕೋಟೇಶ್ವರ, ಪೊಳಲಿ, ಬೈಂದೂರು ಎಂದರೆ ಸಿಗುವುದಿಲ್ಲ. ಫೋಲ್ಡರ್ ತೆರೆದರೆ ಮಾತ್ರ ಹೆಸರು ಕಣ್ಣೆದುರೇ ಇದೆ! ಈ ವರ್ಷ ರೆಕಾರ್ಡರ್ ಕಾರ್ಡನ್ನು ನೇರವಾಗಿ ಉಬುಂಟುಗೆ ಹಾಕಿದ್ದೆವು. ರಾತ್ರಿಯ ಆಟಗಳೆಲ್ಲ ಮರುದಿನದ ತಾರೀಖು ತೋರಿಸುತ್ತಿವೆ. ಒಬ್ಬರು ‘ಎಲ್ಲ ಡಿಸ್ಕನ್ನೂ ವಿಂಡೋಸ್‌ನ ಎನ್‌ಟಿಎಫ್‌ಎಸ್ ಮಾಡಿ’ ಎನ್ನುತ್ತಾರೆ, ಇನ್ನೊಬ್ಬರು ‘ಎಲ್ಲ ಜಿಪ್ ಮಾಡಿಡಿ, ಏನೂ ಹೋಗುವುದಿಲ್ಲ’ ಎನ್ನುತ್ತಾರೆ. ಐಮ್ಯಾಕ್ ಇನ್ನೂ ಇದೆ, ಮಾರಬೇಕೆಂದಿದ್ದೇವೆ. ಯಾವ ಫಾರ್ಮ್ಯಾಟ್‌ನಲ್ಲಿ ಇಟ್ಟರೆ ಉಳಿಯುತ್ತದೆ?

ಉತ್ತರ

ಐಮ್ಯಾಕ್ ಮಾರಬೇಡಿ, ಅದರ ಡಿಸ್ಕ್ ಅಳಿಸಬೇಡಿ. ನೀವು ಕಳೆದುಕೊಂಡೆವು ಎಂದುಕೊಂಡದ್ದೆಲ್ಲ ಅಲ್ಲಿ ಇದ್ದೇ ಇದೆ. ಉಬುಂಟುವಿನಲ್ಲಿರುವುದು ಅರೆಬರೆ ಪ್ರತಿ, ಅಷ್ಟೇ. ಮೂಲ ಜಿಪ್ ಫೈಲುಗಳಿದ್ದರೆ ಅವನ್ನೂ ಇಟ್ಟುಕೊಳ್ಳಿ. ಕೆಳಗೆ ಹೇಳುವ ಕೆಲಸ ಮುಗಿಯುವ ತನಕ, ಅದಕ್ಕೆ ಬೇಕಾದದ್ದನ್ನು ಬಿಟ್ಟು, ಐಮ್ಯಾಕ್ ಡಿಸ್ಕಿಗೆ ಹೊಸತೇನನ್ನೂ ಬರೆಯಬೇಡಿ.

ನಿಮ್ಮ ಪ್ರಶ್ನೆಯಲ್ಲಿ ನಾಲ್ಕು ಬೇರೆ ಬೇರೆ ತೊಂದರೆಗಳು ಒಂದೇ ಗಂಟಿನಲ್ಲಿವೆ: ಟ್ಯಾಗ್ ಮತ್ತು ಕಮೆಂಟ್, ರಚನೆಯ ದಿನ, ಮರುದಿನದ ತಾರೀಖು, ಸಿಗದ ಹೆಸರು. ನಾಲ್ಕಕ್ಕೂ ಕಾರಣ ಬೇರೆ. ಹಾಗಾಗಿ ಒಂದು ಫಾರ್ಮ್ಯಾಟ್ ಹಿಡಿದುಕೊಂಡರೆ ನಾಲ್ಕೂ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮೊದಲು ಟ್ಯಾಗ್, ಕಮೆಂಟ್. ನೀವು ಹಾಕಿದ ಹಸಿರು ಬಣ್ಣ ಧ್ವನಿಯ ಫೈಲಿನ ಒಳಗೆ ಎಂದೂ ಇರಲಿಲ್ಲ. ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ, ಅಂದರೆ ಫೈಲ್‌ಸಿಸ್ಟಂ, ಪ್ರತಿ ಫೈಲಿನ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿಕೊಳ್ಳಲು ಅವಕಾಶ ಕೊಡುತ್ತದೆ. ಮ್ಯಾಕ್ ಟ್ಯಾಗನ್ನು ಆ ಚೀಟಿಯಲ್ಲಿ ಬರೆಯುತ್ತದೆ. ಕಮೆಂಟ್ ಎರಡು ಕಡೆ ಇರುತ್ತದೆ: ಆ ಚೀಟಿಯಲ್ಲೂ, ಫೋಲ್ಡರಿನಲ್ಲಿ ಅಡಗಿರುವ ‘ಡಿಎಸ್ ಸ್ಟೋರ್’ ಎಂಬ ಫೈಲಿನಲ್ಲೂ. ಎಕ್ಸ್‌ಫ್ಯಾಟ್‌ಗಾಗಲಿ ಅದಕ್ಕಿಂತ ಹಳೆಯ ಫ್ಯಾಟ್ 32ಕ್ಕಾಗಲಿ ಇಂಥ ಚೀಟಿ ಅಂಟಿಸಲು ಜಾಗವೇ ಇಲ್ಲ. ಅದಕ್ಕಾಗಿ ಮ್ಯಾಕ್ ಅವುಗಳ ಮೇಲೆ ಬರೆಯುವಾಗ ಪ್ರತಿ ಫೈಲಿಗೆ ಜೊತೆಗಾರನಾಗಿ ಇನ್ನೊಂದು ಸಣ್ಣ ಫೈಲ್ ಮಾಡಿ, ಚೀಟಿಯಲ್ಲಿದ್ದದ್ದನ್ನು ಅದರೊಳಗೆ ತುಂಬುತ್ತದೆ. ನಿಮ್ಮ ಹುಡುಗರು ಅಳಿಸಿದ, ಚುಕ್ಕೆ ಅಡಿಗೆರೆಯ 4 ಕೆಬಿ ಫೈಲುಗಳು ಅವೇ. ಹುಡುಗರನ್ನು ಬೈದು ಪ್ರಯೋಜನವಿಲ್ಲ. ನೋಡಿದರೆ ಕಸದ ಹಾಗೆಯೇ ಕಾಣುತ್ತವೆ, ಬಹಳ ಕಡೆ ಅವನ್ನು ಕಸವೆಂದೇ ತೆಗೆಯುತ್ತಾರೆ.

ಅಳಿಸದೆ ಇದ್ದರೂ ಉಬುಂಟುವಿನಲ್ಲಿ ಅವು ಟ್ಯಾಗ್ ಆಗಿ ಕಾಣುತ್ತಿರಲಿಲ್ಲ. ಲಿನಕ್ಸ್‌ನ ಇಎಕ್ಸ್‌ಟಿ 4ರಲ್ಲಿ ಚೀಟಿಗೆ ಜಾಗ ಇದೆ ನಿಜ, ಆದರೆ ಸಾಮಾನ್ಯ ಬಳಕೆದಾರ ಬರೆಯುವ ಚೀಟಿಯ ಹೆಸರು ‘ಯೂಸರ್’ ಎಂಬ ಪದದಿಂದಲೇ ಶುರುವಾಗಬೇಕೆಂಬ ಕಟ್ಟು ಇದೆ. ಮ್ಯಾಕ್‌ನ ಚೀಟಿಯ ಹೆಸರು ಬೇರೆ ರೀತಿಯದು. ಅದೂ ಅಲ್ಲದೆ ಟ್ಯಾಗ್ ಇರುವುದು ಆಪಲ್‌ನದೇ ಬೈನರಿ ರೂಪದಲ್ಲಿ. ಒಂದು ಮನೆಯ ಬೀಗದ ಕೈ ಇನ್ನೊಂದು ಮನೆಗೆ ಹಾಕಿದಂತೆ.

ಜಿಪ್ ಮೂಲಕ ಬಂದ ಅರ್ಧದ ಸ್ಥಿತಿ ಸ್ವಲ್ಪ ಉತ್ತಮ. ಮ್ಯಾಕ್‌ನ ಫೈಂಡರ್ ಜಿಪ್ ಮಾಡುವಾಗ ಚೀಟಿಗಳನ್ನೆಲ್ಲ ‘ಮ್ಯಾಕ್‌ಓಎಸ್‌ಎಕ್ಸ್’ ಎಂಬ ಪ್ರತ್ಯೇಕ ಫೋಲ್ಡರಿನಲ್ಲಿ ಅದೇ ಜಿಪ್‌ನೊಳಗೆ ಇಡುತ್ತದೆ. ಅದೇ ಜಿಪ್ಪನ್ನು ಮತ್ತೆ ಮ್ಯಾಕ್‌ನಲ್ಲಿ ಬಿಚ್ಚಿದರೆ ಟ್ಯಾಗ್‌ಗಳು ವಾಪಸ್ ಬರುತ್ತವೆ, ಲಿನಕ್ಸ್‌ನಲ್ಲಿ ಬಿಚ್ಚಿದರೆ ಅರ್ಥವಾಗದ ಒಂದು ಫೋಲ್ಡರ್ ಸಿಗುತ್ತದೆ.

ಎರಡನೆಯದು ರಚನೆಯ ದಿನ. ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ‘ರಚಿಸಿದ ದಿನ’ ಎಂದರೆ ಈ ಡಿಸ್ಕಿನಲ್ಲಿ ಈ ಪ್ರತಿ ಹುಟ್ಟಿದ ದಿನ. ಹಾಡು ಹುಟ್ಟಿದ ದಿನ ಅಲ್ಲ. ಕಾಪಿ ಮಾಡಿದ ಫೈಲಿನಲ್ಲಿ ರಚನೆ ಈ ವರ್ಷ, ಬದಲಾವಣೆ 2012 ಎಂದು ತಿರುಗುಮುರುಗಾಗಿ ಕಾಣುವುದು ಅದಕ್ಕೇ. ಇಎಕ್ಸ್‌ಟಿ 4ರಲ್ಲಿ ಆ ದಿನವನ್ನು ಹಿಂದಕ್ಕೆ ತಿದ್ದಲು ಸಾಮಾನ್ಯ ಉಪಕರಣಗಳಿಗೆ ದಾರಿಯೇ ಇಲ್ಲ. ಡಿಸ್ಕಿನಿಂದ ಡಿಸ್ಕಿಗೆ ಸರಿಯಾಗಿ ಪ್ರಯಾಣ ಮಾಡುವುದು ‘ಬದಲಾದ ಸಮಯ’ ಒಂದೇ. ಅದನ್ನೂ ಉಳಿಸಿಕೊಳ್ಳಬೇಕಾದರೆ ಲಿನಕ್ಸ್‌ನಲ್ಲಿ ಕಾಪಿ ಮಾಡಲು ಆರ್‌ಸಿಂಕ್ ಎಂಬ ಉಪಕರಣವನ್ನು ಆರ್ಕೈವ್ ಆಯ್ಕೆಯೊಂದಿಗೆ ಬಳಸಿ. ವಿಂಡೋಸ್‌ನಲ್ಲಾದರೆ ರೋಬೋಕಾಪಿ. ಅದು ಫೈಲುಗಳ ಸಮಯವನ್ನು ತಾನಾಗಿ ಉಳಿಸಿದರೂ ಫೋಲ್ಡರುಗಳ ಸಮಯವನ್ನು ಉಳಿಸುವುದಿಲ್ಲ. ‘ಡಿಕಾಪಿ’ ಆಯ್ಕೆಗೆ ಡಿ, ಎ, ಟಿ ಮೂರೂ ಅಕ್ಷರ ಕೊಟ್ಟರೆ ಫೋಲ್ಡರುಗಳೂ ಉಳಿಯುತ್ತವೆ.

ಈಗ ಮರುದಿನದ ತಾರೀಖು. ಇಲ್ಲಿ ಎರಡು ಕಾರಣಗಳು ಒಂದರ ಮೇಲೊಂದು ಕೂತಿವೆ, ಬಿಡಿಸಿ ನೋಡಬೇಕು.

32 ಜಿಬಿ ತನಕದ ಎಸ್‌ಡಿ ಕಾರ್ಡುಗಳು ಹೆಚ್ಚಾಗಿ ಫ್ಯಾಟ್ 32ರಲ್ಲಿ ಬರುತ್ತವೆ. ಫ್ಯಾಟ್ 32 ಗಡಿಯಾರದ ಸಮಯವನ್ನು ಬರೆಯುತ್ತದೆ, ಯಾವ ದೇಶದ ಗಡಿಯಾರ ಎಂದು ಬರೆಯುವುದಿಲ್ಲ. ಅದರಲ್ಲೂ 2 ಸೆಕೆಂಡಿಗೊಮ್ಮೆ ಮಾತ್ರ ಅಳತೆ, ಸೆಕೆಂಡು ಯಾವಾಗಲೂ ಸಮಸಂಖ್ಯೆ. ರೆಕಾರ್ಡರ್ 21.30 ಎಂದು ಬರೆದಿರುತ್ತದೆ. ಇಂದಿನ ಬಹಳಷ್ಟು ಲಿನಕ್ಸ್ ವ್ಯವಸ್ಥೆಗಳು ಅದನ್ನು ಯುಟಿಸಿ, ಅಂದರೆ ಗ್ರೀನಿಚ್ ಸಮಯ ಎಂದು ಓದಿಕೊಂಡು, ನಮ್ಮ 5 ಗಂಟೆ 30 ನಿಮಿಷ ಸೇರಿಸಿ ಮರುದಿನ ಬೆಳಗಿನ ಜಾವ 3.00 ಎಂದು ತೋರಿಸುತ್ತವೆ. ಆಟ ಶನಿವಾರದ್ದು, ಫೈಲು ಭಾನುವಾರದ್ದು. ದೊಡ್ಡ ಕಾರ್ಡುಗಳ ಎಕ್ಸ್‌ಫ್ಯಾಟ್‌ನಲ್ಲಿ ಯುಟಿಸಿಯಿಂದ ಎಷ್ಟು ದೂರ ಎಂದು ಬರೆಯುವ ಜಾಗ ಇದೆ, ಆದರೆ ಉಪಕರಣ ಅದನ್ನು ಖಾಲಿ ಬಿಟ್ಟರೆ ಅಲ್ಲೂ ಇದೇ ಗೊಂದಲ.

ಮುಂದಿನ ಸಲ ಫ್ಯಾಟ್ ಕಾರ್ಡನ್ನು ಮೌಂಟ್ ಮಾಡುವಾಗ, ಅಂದರೆ ಉಬುಂಟುವಿಗೆ ಜೋಡಿಸಿ ತೆರೆಯುವಾಗ, ‘ಟೈಮ್ ಆಫ್‌ಸೆಟ್’ ಆಯ್ಕೆಗೆ 330 ಎಂದು ಕೊಡಿ. ಅದು ನಿಮಿಷದ ಲೆಕ್ಕ, ಐದೂವರೆ ಗಂಟೆ. ಸಮಯ ಸರಿ ಬರುತ್ತದೆ.

ಇನ್ನೊಂದು ಕಾರಣ ತಪ್ಪೇ ಅಲ್ಲ. ಫೈಲಿನ ‘ಬದಲಾದ ಸಮಯ’ ಎಂದರೆ ಮುದ್ರಣ ನಿಂತ ಹೊತ್ತು. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋದಲ್ಲಿ ಒಂದು ಸೆಕೆಂಡಿಗೆ 2,88,000 ಬೈಟ್. ಫ್ಯಾಟ್ 32ರಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ಆದ್ದರಿಂದ 4 ಗಂಟೆ 8 ನಿಮಿಷ ಆದಾಗ, ಅಥವಾ ಅದಕ್ಕೂ ಮೊದಲೇ, ರೆಕಾರ್ಡರ್ ಫೈಲನ್ನು ತುಂಡು ಮಾಡಿ ಮುಂದಿನದನ್ನು ತೆರೆಯುತ್ತದೆ. ರಾತ್ರಿ 9.30ಕ್ಕೆ ಚೌಕಿ ಪೂಜೆ ಮುಗಿಸಿ ಶುರುವಾದ ಮೊದಲ ತುಂಡು ಮುಗಿಯುವುದೇ 1.38ಕ್ಕೆ. ಆಗ ತಾರೀಖು ಬದಲಾಗಿರುವುದು ಸರಿಯೇ. ಕಣ್ಣು ಮುಚ್ಚಿ ಎಲ್ಲ ಫೈಲುಗಳಿಂದ ಐದೂವರೆ ಗಂಟೆ ಕಳೆದುಬಿಟ್ಟರೆ ಸರಿ ಇದ್ದದ್ದೂ ಕೆಡುತ್ತದೆ.

ಸತ್ಯ ತಿಳಿಯುವ ಜಾಗ ಬೇರೆ ಇದೆ. ಈಚಿನ ರೆಕಾರ್ಡರುಗಳು ಬರೆಯುವ ವೇವ್ ಫೈಲು ಸಾಮಾನ್ಯವಾಗಿ ಬ್ರಾಡ್‌ಕಾಸ್ಟ್ ವೇವ್. ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ 1997ರಲ್ಲಿ ಗೊತ್ತುಮಾಡಿದ ಮಾದರಿ ಇದು. ಫೈಲಿನ ಒಳಗೇ ‘ಬೆಕ್ಸ್ಟ್’ ಎಂಬ ಭಾಗದಲ್ಲಿ ಮುದ್ರಣ ಶುರುವಾದ ದಿನ ಮತ್ತು ಸಮಯ ಇರುತ್ತದೆ. ಅದು ಒಳಗಿರುವುದರಿಂದ ಯಾವ ಡಿಸ್ಕಿಗೆ ಹೋದರೂ ಅಲುಗುವುದಿಲ್ಲ. ಫೈಲಿನೊಳಗಿನ ಮಾಹಿತಿ ಓದಿ ಬರೆಯುವ ಎಕ್ಸಿಫ್‌ಟೂಲ್ ಎಂಬ ಉಪಕರಣದಲ್ಲಿ ಫೈಲು ತೆರೆದರೆ ‘ಡೇಟ್‌ಟೈಮ್ ಒರಿಜಿನಲ್’ ಎಂಬ ಸಾಲಿನಲ್ಲಿ ಕಾಣುತ್ತದೆ. ಬದಲಾದ ಸಮಯದಿಂದ ಮುದ್ರಣದ ಅವಧಿಯನ್ನು ಕಳೆಯಿರಿ. ಬಂದದ್ದು ಬೆಕ್ಸ್ಟ್‌ನ ಸಮಯಕ್ಕೆ ಹೊಂದಿದರೆ ಫೈಲು ಸರಿ ಇದೆ. ಸರಿಯಾಗಿ 5 ಗಂಟೆ 30 ನಿಮಿಷ ಮುಂದಿದ್ದರೆ ಯುಟಿಸಿ ಗೊಂದಲ, ಅಂಥವಕ್ಕೆ ಮಾತ್ರ ‘ಫೈಲ್ ಮಾಡಿಫೈ ಡೇಟ್’ನಿಂದ ಐದೂವರೆ ಗಂಟೆ ಕಳೆಯಲು ಎಕ್ಸಿಫ್‌ಟೂಲ್‌ನಲ್ಲೇ ಆಗುತ್ತದೆ. ಬೇರೇನೋ ವ್ಯತ್ಯಾಸ ಬಂದರೆ ಆ ದಿನ ರೆಕಾರ್ಡರಿನ ಗಡಿಯಾರವೇ ತಪ್ಪಿರಬಹುದು. ಬ್ಯಾಟರಿ ಪೂರ್ತಿ ಖಾಲಿಯಾಗಿ ಗಡಿಯಾರ ಮೊದಲಿಗೆ ಹೋಗಿಬಿಡುವುದು ಅಪರೂಪವಲ್ಲ. ಆಗ ಆಮಂತ್ರಣ ಪತ್ರಿಕೆಯೇ ಆಧಾರ.

ಇದರ ಜೊತೆಗೆ ಸಂಘದೊಳಗೆ ಒಂದು ತೀರ್ಮಾನ ಬೇಕು. ಇಡೀ ರಾತ್ರಿಯ ಆಟ ಎರಡು ತಾರೀಖುಗಳಲ್ಲಿ ಹರಡಿರುತ್ತದೆ. ಆಮಂತ್ರಣದಲ್ಲಿ ಅಚ್ಚಾಗುವ ಸಂಜೆಯ ತಾರೀಖನ್ನೇ ಎಲ್ಲ ತುಂಡುಗಳ ಹೆಸರಿಗೂ ಕೊಡಿ, ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ, ನಡುವೆ ಅಡ್ಡಗೆರೆ ಹಾಕಿ: 2016-11-12. ನಮ್ಮ ರೂಢಿಯ ಓರೆಗೆರೆ ಬೇಡ. ಫೈಂಡರ್ ಹೆಸರಿನಲ್ಲಿ ಓರೆಗೆರೆಯನ್ನು ಬಿಡುತ್ತದೆ, ಆದರೆ ಒಳಗೆ ಅದನ್ನು ಕೋಲನ್ ಎಂಬ ಎರಡು ಚುಕ್ಕೆಯಾಗಿ ಇಡುತ್ತದೆ. ಲಿನಕ್ಸ್‌ನಲ್ಲಿ 12:11:2016 ಎಂದು ಕಾಣುತ್ತದೆ, ವಿಂಡೋಸ್ ಅಂಥ ಹೆಸರನ್ನು ಸ್ವೀಕರಿಸುವುದೇ ಇಲ್ಲ.

ಇನ್ನು ಕಟೀಲಿನ ವಿಷಯ. ನಿಮ್ಮ ಪತ್ರದಲ್ಲಿ ಸಿಗುವ ಊರು, ಸಿಗದ ಊರು ಎಂದು ಬೇರೆ ಮಾಡಿ ಬರೆದದ್ದು ದೊಡ್ಡ ಉಪಕಾರವಾಯಿತು. ಉತ್ತರ ಆ ಪಟ್ಟಿಯಲ್ಲೇ ಇದೆ.

ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಕೆಲವು ಸ್ವರಚಿಹ್ನೆಗಳನ್ನು ಎರಡು ರೀತಿಯಲ್ಲಿ ಬರೆಯಬಹುದು. ‘ಕೋ’ ಎಂಬಲ್ಲಿ ಓಕಾರ ಒಂದೇ ಸಂಕೇತವಾಗಿರಬಹುದು. ಇಲ್ಲವೇ ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರು ಸಂಕೇತಗಳಾಗಿ ಬಿಡಿಸಿ ಬರೆದಿರಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಹೀಗೆ ಬಿಡಿಸಲು ಬರುವ ಸ್ವರಚಿಹ್ನೆಗಳು ಐದೇ: ಈಕಾರ, ಏಕಾರ, ಐಕಾರ, ಒಕಾರ, ಓಕಾರ. ಈಗ ನಿಮ್ಮ ಪಟ್ಟಿ ನೋಡಿ. ಉಡುಪಿ, ಕುಂದಾಪುರ, ಕಾರ್ಕಳ, ಮೂರರಲ್ಲೂ ಈ ಐದರಲ್ಲಿ ಒಂದೂ ಇಲ್ಲ. ಕಟೀಲಿನಲ್ಲಿ ಈಕಾರ, ಪೊಳಲಿಯಲ್ಲಿ ಒಕಾರ, ಬೈಂದೂರಿನಲ್ಲಿ ಐಕಾರ, ಕೋಟೇಶ್ವರದಲ್ಲಿ ಓಕಾರ ಏಕಾರ ಎರಡೂ. ಮಂಗಳೂರು, ಮೂಡಬಿದಿರೆ, ಹೆಬ್ರಿ ಹುಡುಕಿ ನೋಡಿ, ಸಿಗುತ್ತವೆ.

ನಿಮ್ಮ ಐಮ್ಯಾಕ್‌ನ ಹಳೆಯ ಫೈಲ್‌ಸಿಸ್ಟಂ, ಎಚ್‌ಎಫ್‌ಎಸ್ ಪ್ಲಸ್ (ಡಿಸ್ಕಿನಲ್ಲಿ ‘ಮ್ಯಾಕ್ ಓಎಸ್ ಎಕ್ಸ್‌ಟೆಂಡೆಡ್’ ಎಂದು ಕಾಣುವುದು ಇದೇ), ಎಲ್ಲ ಹೆಸರುಗಳನ್ನೂ ಬಿಡಿಸಿಯೇ ಇಡುತ್ತದೆ. ಮ್ಯಾಕ್ ಹುಡುಕುವಾಗ ಎರಡೂ ರೂಪ ಒಂದೇ ಎಂದು ತಿಳಿದುಕೊಂಡು ಹುಡುಕುವುದರಿಂದ ಅಲ್ಲಿ ನಿಮಗೆ ಏನೂ ಗೊತ್ತಾಗಲಿಲ್ಲ. ಮ್ಯಾಕ್‌ನಲ್ಲಿ ಮಾಡಿದ ಜಿಪ್ ಆ ಬಿಡಿಸಿದ ಹೆಸರನ್ನು ಹಾಗೆಯೇ ಹೊತ್ತು ತಂದಿತು. ಇಎಕ್ಸ್‌ಟಿ 4ಕ್ಕೆ ಹೆಸರೆಂದರೆ ಬೈಟುಗಳ ಸಾಲು. ನೀವು ಕೀಲಿಮಣೆಯಲ್ಲಿ ಟೈಪ್ ಮಾಡುವ ‘ಕೋಟೇಶ್ವರ’ 8 ಸಂಕೇತ, 24 ಬೈಟ್. ಡಿಸ್ಕಿನಲ್ಲಿರುವ ‘ಕೋಟೇಶ್ವರ’ 11 ಸಂಕೇತ, 33 ಬೈಟ್. ಅದರ ಕಣ್ಣಿಗೆ ಇವು ಎರಡು ಬೇರೆ ಊರು. ಟರ್ಮಿನಲ್‌ನಲ್ಲಿ ಹೆಸರಿನ ಬೈಟ್ ಎಣಿಸಿ ನೋಡಿದರೆ ನಿಮಗೇ ಖಾತ್ರಿಯಾಗುತ್ತದೆ.

ಪರಿಹಾರ ಸುಲಭ. ಉಬುಂಟುವಿನಲ್ಲಿ ‘ಕನ್ವ್‌ಎಂವಿ’ ಎಂಬ ಸಣ್ಣ ಉಪಕರಣ ಹಾಕಿಕೊಳ್ಳಿ. ಎರಡೂ ಕಡೆ ಯುಟಿಎಫ್ 8 (ಯೂನಿಕೋಡ್ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ರೀತಿ) ಎಂದು ಹೇಳಿ, ಕೂಡಿದ ರೂಪಕ್ಕೆ ತರುವ ‘ಎನ್‌ಎಫ್‌ಸಿ’ ಆಯ್ಕೆ ಕೊಟ್ಟು, ಒಳಫೋಲ್ಡರುಗಳಿಗೂ ಅನ್ವಯಿಸುವಂತೆ ಓಡಿಸಿ. ಸುಮ್ಮನೆ ಓಡಿಸಿದರೆ ಏನು ಬದಲಿಸುತ್ತೇನೆ ಎಂದು ತೋರಿಸುತ್ತದೆ, ಬದಲಿಸುವುದಿಲ್ಲ. ಪಟ್ಟಿ ಓದಿ ಒಪ್ಪಿಗೆಯಾದ ಮೇಲೆ ‘ನೋಟೆಸ್ಟ್’ ಸೇರಿಸಿ ಮತ್ತೆ ಓಡಿಸಿ. ಒಂದು ಎಚ್ಚರಿಕೆ: ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲು ಈಗಾಗಲೇ ಕಾಣುತ್ತಿದ್ದರೆ, ಒಂದು ಬಿಡಿಸಿದ ರೂಪ, ಇನ್ನೊಂದು ಕೂಡಿದ ರೂಪ. ಎರಡರ ಚೆಕ್‌ಸಮ್ (ಫೈಲಿನ ಬೈಟುಗಳಿಂದ ಲೆಕ್ಕ ಹಾಕುವ ಗುರುತಿನ ಮೊತ್ತ) ಹೋಲಿಸಿ ನೋಡಿ, ಒಂದೇ ಬಂದರೆ ಮಾತ್ರ ಒಂದನ್ನು ತೆಗೆಯಿರಿ.

ಇದಾದ ಮೇಲೂ ಕೆಲವು ಹೆಸರು ಸಿಗದಿದ್ದರೆ ಪದದ ನಡುವೆ ಕಣ್ಣಿಗೆ ಕಾಣದ ಸಂಕೇತವೊಂದು ಕೂತಿರಬಹುದು. ‘ರೆಕಾರ್ಡಿಂಗ್‌ನಲ್ಲಿ’ ಎಂದು ಬರೆಯುವಾಗ ಅರ್ಧಾಕ್ಷರ ಒತ್ತಾಗದಂತೆ ತಡೆಯಲು ಕೀಲಿಮಣೆ ಸೇರಿಸುವ ಸಂಕೇತ ಅದು. ಕನ್ವ್‌ಎಂವಿ ಅದನ್ನು ಮುಟ್ಟುವುದಿಲ್ಲ. ಫೈಲಿನ ಹೆಸರಿನಲ್ಲಿ ಅಂಥ ಪದಗಳನ್ನೇ ಬಳಸದಿರುವುದು ಒಳ್ಳೆಯದು.

ಹೆಸರಿನ ಉದ್ದವೂ ನಮಗೆ, ಕನ್ನಡಿಗರಿಗೆ, ಬೇಗ ತಾಗುವ ಮಿತಿ. ಮ್ಯಾಕ್‌ನಲ್ಲಿ, ಎಕ್ಸ್‌ಫ್ಯಾಟ್‌ನಲ್ಲಿ, ಎನ್‌ಟಿಎಫ್‌ಎಸ್‌ನಲ್ಲಿ ಮಿತಿ 255 ಸಂಕೇತ. ಇಎಕ್ಸ್‌ಟಿ 4ರಲ್ಲಿ 255 ಬೈಟ್. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಹಾಗಾಗಿ ಸಿಗುವುದು 85 ಸಂಕೇತ. ‘ಯಕ್ಷಗಾನ’ ಬರೆದರೇ 21 ಬೈಟ್ ಹೋಯಿತು. ಕಲಾವಿದರ ಹೆಸರುಗಳನ್ನೆಲ್ಲ ಫೈಲಿನ ಹೆಸರಿಗೆ ತುರುಕಿದ್ದರೆ ಅಂಥವು ಲಿನಕ್ಸ್‌ಗೆ ಬರುವಾಗ ‘ಹೆಸರು ತೀರ ಉದ್ದ’ ಎಂಬ ದೋಷ ತೋರಿಸಿ ಹಿಂದೆಯೇ ಉಳಿದಿರುತ್ತವೆ. ಮ್ಯಾಕ್‌ನ ಫೈಲುಗಳ ಸಂಖ್ಯೆ, ಉಬುಂಟುವಿನ ಸಂಖ್ಯೆ ಹೋಲಿಸಿ ನೋಡಿ. ಎಷ್ಟು ಕಡಿಮೆ ಬಂದಿದೆ ಎಂದು ತಿಳಿದುಕೊಳ್ಳುವುದು ಬಹಳ ಮುಖ್ಯ, ಏಕೆಂದರೆ ಈ ದೋಷದ ಸಂದೇಶವನ್ನು ಯಾರೂ ಓದಿರುವುದಿಲ್ಲ.

ಈಗ ನಿಮಗೆ ಸಿಕ್ಕ ಎರಡು ಸಲಹೆಗಳು. ಎನ್‌ಟಿಎಫ್‌ಎಸ್ ಸಮಯವನ್ನು ಸೂಕ್ಷ್ಮವಾಗಿ ಇಡುತ್ತದೆ, ಒಂದು ಸೆಕೆಂಡಿನ ಕೋಟಿಯಲ್ಲೊಂದು ಭಾಗದ ತನಕ, ಅದೂ ಯುಟಿಸಿಯಲ್ಲಿ. ಚೀಟಿಗೂ ಜಾಗ ಇದೆ. ಆದರೆ ಮ್ಯಾಕ್ ಅದನ್ನು ಓದುತ್ತದೆ, ಹೊರಗಿನ ತಂತ್ರಾಂಶ ಹಾಕದೆ ಅದರ ಮೇಲೆ ಬರೆಯುವುದಿಲ್ಲ. ಜಾಗ ಇದ್ದ ಮಾತ್ರಕ್ಕೆ ಒಬ್ಬರ ಚೀಟಿ ಇನ್ನೊಬ್ಬರಿಗೆ ಓದಲು ಬರುವುದೂ ಇಲ್ಲ. ಎಲ್ಲ ಡಿಸ್ಕನ್ನು ಫಾರ್ಮ್ಯಾಟ್ ಮಾಡುವ ಅಪಾಯ ಇದಕ್ಕಾಗಿ ಬೇಡ.

ಜಿಪ್‌ನ ಮೂಲ ವಿನ್ಯಾಸದಲ್ಲಿ ಸಮಯ ಫ್ಯಾಟ್‌ನ ಹಾಗೆಯೇ: 2 ಸೆಕೆಂಡಿನ ಅಳತೆ, ಊರಿನ ಗಡಿಯಾರ, ಯಾವ ಊರೆಂದು ಇಲ್ಲ. ಆಮೇಲೆ ಬಂದ ಹೆಚ್ಚುವರಿ ಭಾಗಗಳಲ್ಲಿ ಯುಟಿಸಿ ಸಮಯ ಬರೆಯಬಹುದು, ಆದರೆ ಜಿಪ್ ಮಾಡಿದ ತಂತ್ರಾಂಶವೂ ಬಿಚ್ಚುವ ತಂತ್ರಾಂಶವೂ ಅದನ್ನು ಬಳಸಿದರೆ ಮಾತ್ರ. ಹೆಸರು ಯುಟಿಎಫ್ 8ರಲ್ಲಿದೆ ಎಂಬ ಗುರುತು ಹಾಕುವ ನಿಯಮ 2006ರಲ್ಲಿ ಬಂತು. ಆ ಗುರುತು ಇಲ್ಲದ ಜಿಪ್ಪನ್ನು ವಿಂಡೋಸ್‌ನಲ್ಲಿ ಬಿಚ್ಚಿದರೆ ಕನ್ನಡದ ಹೆಸರು ಕಲಸುಮೇಲೋಗರವಾಗುತ್ತದೆ. ಸೆವೆನ್‌ಜಿಪ್ ಫಾರ್ಮ್ಯಾಟ್ ಸಮಯವನ್ನು ಚೆನ್ನಾಗಿ ಇಡುತ್ತದೆ, ಆದರೆ ಲಿನಕ್ಸ್‌ನ ಮಾಲೀಕ, ಗುಂಪುಗಳನ್ನು ಇಡುವುದಿಲ್ಲ. ಲಿನಕ್ಸ್ ಬ್ಯಾಕಪ್‌ಗೆ ಬಳಸಬೇಡಿ ಎಂದು ಅದನ್ನು ಮಾಡಿದವರೇ ಬರೆದಿದ್ದಾರೆ.

ಪ್ರಯಾಣಕ್ಕೆ ಒಳ್ಳೆಯ ಗಾಡಿ ಎಂದರೆ ಹಲವು ಫೈಲುಗಳನ್ನು ಒಂದೇ ಫೈಲಾಗಿ ಕಟ್ಟುವ ಟಾರ್, ಅದರಲ್ಲೂ 2001ರ ಪೋಸಿಕ್ಸ್ ಮಾನಕದ ಪ್ಯಾಕ್ಸ್ ರೂಪ. ಅದರಲ್ಲಿ ಹೆಸರಿಗೆ ಉದ್ದದ ಮಿತಿ ಇಲ್ಲ, ಹೆಸರು ಯುಟಿಎಫ್ 8ರಲ್ಲೇ ಇರುತ್ತದೆ, ಸಮಯ ಸೆಕೆಂಡಿನ ಭಾಗಗಳ ಸಮೇತ ಯುಟಿಸಿಯಲ್ಲಿ. ಹಳೆಯ ಯುಸ್ಟಾರ್ ರೂಪದಲ್ಲಿ ಒಂದು ಫೈಲು 8 ಜಿಬಿ ದಾಟುವಂತಿಲ್ಲ, ಪ್ಯಾಕ್ಸ್‌ಗೆ ಆ ತೊಡಕಿಲ್ಲ. ಎಕ್ಸ್‌ಫ್ಯಾಟ್ ಡಿಸ್ಕಿನ ಮೇಲೆ ಟಾರ್ ಫೈಲನ್ನು ಧೈರ್ಯವಾಗಿ ಇಡಬಹುದು, ಏಕೆಂದರೆ ಸಮಯ, ಹೆಸರು, ಚೀಟಿ ಎಲ್ಲ ಅದರ ಹೊಟ್ಟೆಯೊಳಗಿದೆ. ಫ್ಯಾಟ್ 32 ಮಾತ್ರ ಬೇಡ, 4 ಜಿಬಿಯ ಗೋಡೆ ಅಡ್ಡ ಬರುತ್ತದೆ.

ಮ್ಯಾಕ್‌ನಲ್ಲಿ ಟಾರ್ ಮೊದಲೇ ಇದೆ. ಅದಕ್ಕೆ ಪ್ಯಾಕ್ಸ್ ಫಾರ್ಮ್ಯಾಟ್ ಬೇಕೆಂದು ಸ್ಪಷ್ಟವಾಗಿ ಹೇಳಿ. ಒಂದು ತಿರುಗಾಟಕ್ಕೆ (ಆಟದ ಒಂದು ಋತುವಿಗೆ) ಒಂದು ಟಾರ್ ಮಾಡಿ, 1.4 ಟಿಬಿಯನ್ನು ಒಂದೇ ಮೂಟೆ ಕಟ್ಟಬೇಡಿ. ಸಂಕುಚನ ಬೇಡ. ಜೆಪೆಗ್ ಅದರಿಂದ ಸಣ್ಣದಾಗುವುದಿಲ್ಲ, ವೇವ್‌ಗೆ ಬೇರೆ ಒಳ್ಳೆಯ ದಾರಿಯಿದೆ, ಮತ್ತು ಸಂಕುಚಿತ ಟಾರ್‌ನ ನಡುವೆ ಒಂದು ಕಡೆ ಡಿಸ್ಕ್ ಕೆಟ್ಟರೆ ಅಲ್ಲಿಂದ ಮುಂದಿನದೆಲ್ಲ ಹೋಗಬಹುದು. ಸಾದಾ ಟಾರ್‌ನಲ್ಲಿ ಪ್ರತಿ ಫೈಲಿಗೂ ಪ್ರತ್ಯೇಕ ತಲೆಬರಹ ಇರುವುದರಿಂದ ಕೆಟ್ಟ ಜಾಗದ ಫೈಲು ಮಾತ್ರ ಹೋಗುತ್ತದೆ. ಮ್ಯಾಕ್‌ನ ಟಾರ್ ಚೀಟಿಗಳನ್ನೂ ತುಂಬುತ್ತದೆ. ಮತ್ತೊಂದು ಮ್ಯಾಕ್‌ನಲ್ಲಿ ಬಿಚ್ಚಿದರೆ ಟ್ಯಾಗ್ ಮರಳುತ್ತದೆ, ಉಬುಂಟುವಿನಲ್ಲಿ ಬಿಚ್ಚಿದರೆ ಮತ್ತೆ ಅದೇ ಚುಕ್ಕೆ ಅಡಿಗೆರೆಯ ಫೈಲುಗಳು.

ಅಂದರೆ ಎಷ್ಟೇ ಒಳ್ಳೆಯ ಗಾಡಿಯಾದರೂ ಹಸಿರು ಬಣ್ಣದ ಅರ್ಥ ಲಿನಕ್ಸ್‌ಗೆ ತಿಳಿಯುವುದಿಲ್ಲ. ನಿಮ್ಮ ಸಂಘಕ್ಕೆ ಬೆಲೆಯುಳ್ಳ ಮಾಹಿತಿಯನ್ನು ಫೈಲ್‌ಸಿಸ್ಟಂನ ಚೀಟಿಯಿಂದ ಎತ್ತಿ ಫೈಲಿನ ಒಳಕ್ಕೆ ಸೇರಿಸಬೇಕು, ಒಳಗೆ ಹೋಗದಿದ್ದರೆ ಪಕ್ಕದಲ್ಲಿ ಸಾದಾ ಪಠ್ಯವಾಗಿ ಬರೆಯಬೇಕು. ಯಾವ ಮದ್ದಳೆಗಾರರು ಆ ರಾತ್ರಿ ನುಡಿಸಿದರು ಎಂಬುದು ಆ ಕಮೆಂಟಿನಲ್ಲಿ ಬಿಟ್ಟು ಬೇರೆಲ್ಲೂ ಇಲ್ಲದಿದ್ದರೆ, ಧ್ವನಿಯಷ್ಟೇ ಅಮೂಲ್ಯ ಅದು.

ಕೆಲಸದ ಕ್ರಮ ಹೀಗಿರಲಿ. ಐಮ್ಯಾಕ್‌ನಲ್ಲಿ ಎಕ್ಸಿಫ್‌ಟೂಲ್ ಹಾಕಿ, ಟ್ಯಾಗ್, ಫೈಂಡರ್ ಕಮೆಂಟ್, ರಚನೆಯ ದಿನ, ಬದಲಾದ ದಿನ, ಈ ನಾಲ್ಕನ್ನು ಹೆಸರಿಟ್ಟು ಕೇಳಿ ಇಡೀ ಡಿಸ್ಕಿನ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯದ ಕೋಷ್ಟಕ) ಪಟ್ಟಿ ತೆಗೆಯಿರಿ. ಹೆಸರಿಟ್ಟು ಕೇಳದಿದ್ದರೆ ಟ್ಯಾಗ್, ಕಮೆಂಟ್ ಪಟ್ಟಿಗೆ ಬರುವುದಿಲ್ಲ. ಮ್ಯಾಕ್‌ನ ಹುಡುಕುವ ವ್ಯವಸ್ಥೆ ಸ್ಪಾಟ್‌ಲೈಟ್ ಆ ಡಿಸ್ಕನ್ನು ಇಂಡೆಕ್ಸ್ ಮಾಡಿರಬೇಕು, ಇಲ್ಲವಾದರೆ ಕಾಲಂ ಖಾಲಿ ಬರಬಹುದು. ಹತ್ತು ಫೈಲುಗಳನ್ನು ಫೈಂಡರ್‌ನಲ್ಲಿ ತೆರೆದು ಪಟ್ಟಿಯ ಜೊತೆ ಹೋಲಿಸಿದ ಮೇಲೆಯೇ ಮುಂದುವರಿಯಿರಿ. ಈ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ಎರಡು ಸಲ ಕ್ಲಿಕ್ ಮಾಡಿ ತೆರೆಯಬೇಡಿ, ಕನ್ನಡ ಕೆಡುತ್ತದೆ, ತಾರೀಖುಗಳನ್ನು ಅದು ತನ್ನಿಷ್ಟಕ್ಕೆ ತಿದ್ದುತ್ತದೆ. ಲಿಬ್ರೆ ಆಫೀಸ್ ಕ್ಯಾಲ್ಕ್ ತೆರೆಯುವಾಗ ಕೇಳುತ್ತದೆ, ಯುಟಿಎಫ್ 8 ಆರಿಸಿ, ಎಲ್ಲ ಕಾಲಂ ‘ಪಠ್ಯ’ ಎಂದು ಹೇಳಿ. ಹಳೆಯ ಕಲಾವಿದರ ಪಟ್ಟಿಗಳು ನುಡಿ ಅಥವಾ ಬರಹದ ಆಸ್ಕಿ ಅಕ್ಷರದಲ್ಲಿದ್ದರೆ ಈಗಲೇ ಯೂನಿಕೋಡ್‌ಗೆ ಪರಿವರ್ತಿಸಿ ಸೇರಿಸಿಕೊಳ್ಳಿ.

ಫೋಟೋಗಳಿಗೆ ಎಕ್ಸ್‌ಎಂಪಿ, ಅಂದರೆ ಫೋಟೋದ ಒಳಗೇ ಮಾಹಿತಿ ಬರೆಯುವ ಮಾದರಿ, ಬಳಸಿ. ಅದು ಯುಟಿಎಫ್ 8, ಕನ್ನಡ ಹಾಗೆಯೇ ಕೂರುತ್ತದೆ. ಕ್ಯಾಮೆರಾ ಬರೆಯುವ ಹಳೆಯ ಎಕ್ಸಿಫ್ ಮಾಹಿತಿಯ ವಿವರಣೆಯ ಜಾಗ ಆಸ್ಕಿಗೆಂದು (ಇಂಗ್ಲಿಷ್ ಅಕ್ಷರಗಳಿಗೆಂದು) ಮಾಡಿದ್ದು, ಅಲ್ಲಿ ಕನ್ನಡ ಹಾಕಬೇಡಿ. ಎಕ್ಸಿಫ್‌ಟೂಲ್‌ಗೆ ಅದೇ ಸಿಎಸ್‌ವಿಯನ್ನು ವಾಪಸ್ ಕೊಟ್ಟರೆ ಪ್ರತಿ ಫೋಟೋದ ಒಳಗೆ ಬರೆಯುತ್ತದೆ, ಆದರೆ ಕಾಲಂಗಳ ತಲೆಬರಹವನ್ನು ಎಕ್ಸ್‌ಎಂಪಿಯ ‘ಸಬ್ಜೆಕ್ಟ್’, ‘ಡಿಸ್ಕ್ರಿಪ್ಶನ್’ ಎಂದು ಬದಲಿಸಿರಬೇಕು. ಎರಡು ಕಡೆ ಎಡವುತ್ತಾರೆ. ‘ಸೆಪ್’ ಆಯ್ಕೆಯಲ್ಲಿ ಟ್ಯಾಗ್‌ಗಳ ನಡುವಿನ ಗುರುತು ಯಾವುದೆಂದು ಹೇಳದಿದ್ದರೆ ಎಲ್ಲ ಟ್ಯಾಗ್ ಸೇರಿ ಒಂದೇ ಉದ್ದದ ಟ್ಯಾಗ್ ಆಗುತ್ತದೆ. ದೊಡ್ಡಕ್ಷರದ ‘ಪಿ’ ಆಯ್ಕೆ ಕೊಡದಿದ್ದರೆ ಬರೆದ ದಿನವೇ ‘ಬದಲಾದ ಸಮಯ’ ಆಗಿಬಿಡುತ್ತದೆ, ಉಳಿಸಲು ಹೊರಟದ್ದೇ ಹೋಗುತ್ತದೆ. ಸದಸ್ಯರು ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಫೋಟೋಗಳಲ್ಲಿ ಎಕ್ಸಿಫ್ ಮೊದಲೇ ಹೋಗಿರುತ್ತದೆ. ಇನ್ನು ಮುಂದೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಧ್ವನಿಗೆ ನನ್ನ ಆಯ್ಕೆ, ಧ್ವನಿ ಕೆಡದಂತೆ ಫೈಲನ್ನು ಚಿಕ್ಕದಾಗಿಸುವ ಫ್ಲ್ಯಾಕ್ ಮಾದರಿ. ಬೆಕ್ಸ್ಟ್‌ನ ವಿವರಣೆಯ ಜಾಗ 256 ಅಕ್ಷರ, ಆಸ್ಕಿ ಮಾತ್ರ. ಅಲ್ಲಿ ಕನ್ನಡಕ್ಕೆ ಸ್ಥಳವಿಲ್ಲ. ಫ್ಲ್ಯಾಕ್‌ನ ಟ್ಯಾಗ್‌ಗಳು ಯುಟಿಎಫ್ 8, ಒಂದೇ ಹೆಸರಿನ ಸಾಲನ್ನು ಎಷ್ಟು ಸಲ ಬೇಕಾದರೂ ಹಾಕಬಹುದು. ಭಾಗವತರಿಗೊಂದು, ಮದ್ದಳೆಗೊಂದು, ಚೆಂಡೆಗೊಂದು, ಪ್ರತಿ ಅರ್ಥಧಾರಿಗೊಂದು ‘ಪರ್ಫಾರ್ಮರ್’ ಸಾಲು ಹಾಕಿ, ಹೆಸರಿನ ಮುಂದೆ ಏನು ಮಾಡಿದರೆಂದು ಬರೆಯಿರಿ. ಧ್ವನಿ ಒಂದು ಬಿಟ್ಟೂ ಕಳೆಯದೆ ಹೆಚ್ಚಾಗಿ ಅರ್ಧದಷ್ಟು ಜಾಗದಲ್ಲಿ ಕೂರುತ್ತದೆ, ಒಳಗಿನ ಧ್ವನಿಯ ಎಂಡಿ 5 ಮೊತ್ತವೂ ಜೊತೆಗಿರುವುದರಿಂದ ಹತ್ತು ವರ್ಷದ ಮೇಲೂ ಕೆಟ್ಟಿದೆಯೇ ಎಂದು ಪರೀಕ್ಷಿಸಬಹುದು. ಪರಿವರ್ತಿಸುವಾಗ ‘ಕೀಪ್ ಫಾರಿನ್ ಮೆಟಾಡೇಟಾ’ ಆಯ್ಕೆ ಕೊಡಿ, ಇಲ್ಲವಾದರೆ ಬೆಕ್ಸ್ಟ್‌ನಲ್ಲಿದ್ದ ಶುರುವಿನ ಸಮಯ ಹೋಗುತ್ತದೆ. ಹೊಸ ರೆಕಾರ್ಡರಿನಲ್ಲಿ 32 ಬಿಟ್ ಫ್ಲೋಟ್ ಆರಿಸಿದ್ದರೆ ಅದು ಫ್ಲ್ಯಾಕ್ ಆಗುವುದಿಲ್ಲ. ಅಂಥ ವೇವ್‌ಗಳನ್ನು ಹಾಗೆಯೇ ಇಟ್ಟು, ಅದೇ ಹೆಸರಿನ ಒಂದು ಪಠ್ಯ ಫೈಲನ್ನು ಪಕ್ಕದಲ್ಲಿಡಿ.

ಎಲ್ಲ ಒಳಗೆ ಬರೆದು ಮುಗಿದ ಮೇಲೆ ಚೆಕ್‌ಸಮ್, ಅದಕ್ಕೂ ಮೊದಲು ಅಲ್ಲ. ಟ್ಯಾಗ್ ಬರೆದರೆ ಫೈಲಿನ ಮೊತ್ತ ಬದಲಾಗುತ್ತದೆ, ಮೊದಲೇ ಲೆಕ್ಕ ಹಾಕಿದ್ದರೆ ಎಲ್ಲವೂ ಕೆಟ್ಟಿದೆ ಎಂದು ತೋರಿಸುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಂಥ ದೊಡ್ಡ ಸಂಗ್ರಹಾಲಯಗಳು ಬಳಸುವ ಬ್ಯಾಗಿಟ್ ಎಂಬ ಕಟ್ಟು ನಿಮಗೂ ಸಾಕು. 2018ರಲ್ಲಿ ಅದು ಅಂತರ್ಜಾಲದ ತಾಂತ್ರಿಕ ದಾಖಲೆಗಳ ಸರಣಿಯಲ್ಲಿ ಆರ್‌ಎಫ್‌ಸಿ 8493 ಎಂದು ಪ್ರಕಟವಾಯಿತು. ಅದರಲ್ಲಿ ಮಾಯಾಜಾಲ ಏನೂ ಇಲ್ಲ: ‘ಡೇಟಾ’ ಫೋಲ್ಡರಿನಲ್ಲಿ ಫೈಲುಗಳು, ಪಕ್ಕದಲ್ಲಿ ಪ್ರತಿ ಫೈಲಿನ ಶಾ 256 ಮೊತ್ತದ ಪಟ್ಟಿ, ಮತ್ತೊಂದೆರಡು ಪಠ್ಯ ಫೈಲು. ಯಾವ ಕಂಪ್ಯೂಟರಿನಲ್ಲೂ ನೋಟ್‌ಪ್ಯಾಡ್ ತೆರೆದು ಓದಬಹುದು. ಆದರೆ ಬ್ಯಾಗಿಟ್ ಸಮಯವನ್ನಾಗಲಿ ಟ್ಯಾಗನ್ನಾಗಲಿ ಉಳಿಸುವುದಿಲ್ಲ, ಇದನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. ಅದಕ್ಕಾಗಿಯೇ ಮ್ಯಾಕ್‌ನಲ್ಲಿ ತೆಗೆದ ಆ ಸಿಎಸ್‌ವಿಯನ್ನು, ಹಸಿರು ಎಂದರೆ ತೆಂಕುತಿಟ್ಟು ಎಂಬ ಒಂದು ಸಾಲಿನ ವಿವರಣೆಯ ಜೊತೆ, ಡೇಟಾ ಫೋಲ್ಡರಿನೊಳಗೇ ಇಡಿ.

ಸಮಯದ ಲೆಕ್ಕ ಹಾಕಿದರೆ, ಪತ್ತನಾಜೆಗೆ (ತಿರುಗಾಟ ಮುಗಿಯುವ ದಿನ) ಗೆಜ್ಜೆ ಬಿಚ್ಚಿದ ಮೇಲೆ ಮುಂದಿನ ತಿರುಗಾಟದ ತನಕ ಸಿಗುವ ಮಳೆಗಾಲ ಈ ಕೆಲಸಕ್ಕೆ ಸಾಕು. ಒಂದೇ ತಿರುಗಾಟದ ಫೈಲುಗಳಿಂದ ಶುರುಮಾಡಿ, ಅದನ್ನು ಕೊನೆಯ ತನಕ ಮುಗಿಸಿ ನೋಡಿ. ಸಿಎಸ್‌ವಿಯ ಸಾಲುಗಳ ಸಂಖ್ಯೆ, ಮ್ಯಾಕ್‌ನ ಫೈಲುಗಳ ಸಂಖ್ಯೆ, ಉಬುಂಟುವಿನ ಸಂಖ್ಯೆ ಮೂರೂ ಹೊಂದಬೇಕು. ಎಲ್ಲ ತಿರುಗಾಟಗಳೂ ಹೀಗೆ ಹೊಂದಿ, ಎರಡು ಡಿಸ್ಕುಗಳಲ್ಲಿ ಎರಡು ಮನೆಗಳಲ್ಲಿ ಪ್ರತಿ ಇಟ್ಟು, ಎರಡೂ ಕಡೆ ಶಾ ಮೊತ್ತ ಪರೀಕ್ಷಿಸಿದ ಮೇಲೆ ಐಮ್ಯಾಕ್ ಮಾರಲು ಅಡ್ಡಿಯಿಲ್ಲ. ಅದರ ಡಿಸ್ಕನ್ನು ಮಾತ್ರ ಕಳಚಿ ಇಟ್ಟುಕೊಳ್ಳಿ.